ಒಣಪಾಚಿಯ ಮುನಿಸು

ವಾರಿಜಮ್ಮ ಕುಂಡದ ಮಣ್ಣಿಗೆ ಅಂಗಡಿಯಿಂದ ತಂದ ಪಾಚಿಪುಡಿಯನ್ನು ಧಾರಾಳವಾಗಿ ಬೆರೆಸಿ ಸೇವಂತಿಗೆ ನೆಟ್ಟರು. ನೀರು ಹಿಡಿದಿಡುವುದರಲ್ಲಿ ಪಾಚಿಗೆ ಸಮನಿಲ್ಲವೆಂದು ನಂಬಿ ಸೇವಂತಿಗೆ ನಿಶ್ಚಿಂತೆಯಿಂದ ಮೊಗ್ಗು ಬಿಟ್ಟಿತು. ಅಷ್ಟರಲ್ಲಿ ವಾರಿಜಮ್ಮ ಮಗಳ ಬಾಣಂತನಕ್ಕೆ ಹೊರಟುಹೋದರು. ಪಾಚಿ ತನ್ನಲ್ಲಿದ್ದ ಕೊನೆಯ ಹನಿಯನ್ನೂ ಗಿಡಕ್ಕೆ ಕೊಟ್ಟು, ಬೂದಿಯಂತೆ ಒಣಗಿ ಕುಗ್ಗಿತು.

ಅಂತೂ ವಾರಿಜಮ್ಮ ಬಂದರು, ಬಂದವರೇ ಚೆಂಬು ಬಗ್ಗಿಸಿದರು.

“ಒಳಗೆ ಬರಲೇ?” ಎಂದಿತು ನೀರು.

“ಇಷ್ಟು ದಿನ ಎಲ್ಲಿದ್ದೆ? ಈಗ ನೀನು ಬೇಡ,” ಎಂದು ಪಾಚಿ ಮೈ ಬಿಗಿಹಿಡಿಯಿತು.

“ತೆರೆಯದ ಬಾಗಿಲಲ್ಲಿ ಕಾದು ನಿಲ್ಲುವುದು ನನ್ನ ಜಾಯಮಾನವಲ್ಲ,” ಎಂದ ನೀರು ಕುಂಡದ ಅಂಚಿನಗುಂಟ ಜಾರಿ, ತಳದ ತೂತಿನಿಂದ ಹೊರಬಿತ್ತು.

ಸೇವಂತಿಗೆಯ ಜೀವ ಬಾಯಿಗೆ ಬಂತು. “ಅಣ್ಣಾ, ಮುನಿಸು ನಿನ್ನದು, ಸಾಯುವುದು ನಾನು. ಒಂದು ಗುಟುಕಾದರೂ ಒಳಗೆ ಬಿಟ್ಟುಕೋ!”

“ನಾಳೆಯೂ ಬರುತ್ತದಲ್ಲ, ಕಾಲು ಹಿಡಿಯಲಿ, ನೋಡೋಣ.”

ನೀರು ಮರುದಿನವೂ ಬಂತು, ಜಾರಿಹೋಯಿತು. ಸೇವಂತಿಗೆಯ ಎಲೆಗಳು ಜೋತುಬಿದ್ದವು, ಮೊಗ್ಗಿನ ಕತ್ತು ವಾಲಿತು. ತನ್ನನ್ನು ತಬ್ಬಿದ್ದ ಬೇರುಗಳ ಹಿಡಿತ ಸಡಿಲವಾಗುತ್ತಿರುವುದು ಪಾಚಿಗೆ ತಿಳಿಯಿತು.

“ಇನ್ನೊಂದು ದಿನ ತಡೆದುಕೋ ತಂಗಿ, ನಾಳೆ ಬಾಗಿಲು ತೆರೆಯುತ್ತೇನೆ,” ಎಂದಿತು.

ಬೆಳಗಾಯಿತು. ವಾರಿಜಮ್ಮ ಚೆಂಬು ಹಿಡಿದು ಬಂದು ಬಗ್ಗಿ ನೋಡಿದರು. ಗಿಡ ಬಾಡಿತ್ತು, ಕೆಳಗಿನ ತಟ್ಟೆಯಲ್ಲಿ ನೀರು ತುಂಬಿ ನಿಂತಿತ್ತು.

“ಅಯ್ಯೋ ಪಾಪ, ನಾನೇ ಕುಡಿಸಿ ಕುಡಿಸಿ ಬೇರು ಕೊಳೆಸಿಬಿಟ್ಟೆನಲ್ಲ! ಇನ್ನು ಇದಕ್ಕೆ ತೊಟ್ಟು ನೀರೂ ಹಾಕಬಾರದು,” ಎಂದು ತಟ್ಟೆಯ ನೀರನ್ನೂ ಚೆಲ್ಲಿ ಒಳಗೆ ಹೋದರು.

ಪಾಚಿ ಬಾಗಿಲು ತೆರೆದಿಟ್ಟುಕೊಂಡು ಕಾಯತೊಡಗಿತು.