ಬೂದಿಯಾಗಲು ಒಪ್ಪದ ಗರಿ

ಕ್ರೈಸ್ತರು ಪಶ್ಚಾತ್ತಾಪದ ಗುರುತಾಗಿ ಹಣೆಗೆ ಬೂದಿ ಹಚ್ಚಿಕೊಳ್ಳುವ ಬೂದಿ ಬುಧವಾರದ ಹಿಂದಿನ ದಿನ, ಚರ್ಚಿನ ಉಪದೇಶಿ ಚೌರಪ್ಪ ಹೋದ ವರ್ಷದ ಗರಿಗಳ ಹಬ್ಬದ ಮೆರವಣಿಗೆಯಲ್ಲಿ ಹಿಡಿದಿದ್ದ ಒಣ ತೆಂಗಿನಗರಿಗಳನ್ನು ಮನೆಮನೆಯಿಂದ ತಂದು ಸುಡಲು ಕೂತ. ಪಾದ್ರಿಗಳ ಮನೆಯ ಗರಿ ಸಿಡಿಮಿಡಿಗೊಂಡಿತು.

"ನನ್ನನ್ನು ಸುಡುವುದೇ? ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾನು! ಪಾಪವೆಲ್ಲ ಈ ಕುಡುಕನ ಮನೆಯ ಗರಿಯದು."

"ಹೌದಣ್ಣ, ನಾನು ಸುಟ್ಟುಹೋಗಬೇಕಾದವನೇ," ಎಂದಿತು ಕುಡುಕನ ಮನೆಯ ಗರಿ. "ಆದರೆ ನಿನಗೂ ಹುಳ ಹಿಡಿದಿದೆ, ನೋಡಿಕೊಂಡೆಯಾ?"

"ಬಾಯಿ ಮುಚ್ಚೋ! ಆ ಹುಳ ನಿನ್ನಿಂದಲೇ ಬಂದದ್ದು!"

ಹಾಗೆಂದು ಎಗರಿದ್ದೇ ಪಾದ್ರಿಗಳ ಮನೆಯ ಗರಿ ಗಾಳಿಗೆ ಸಿಕ್ಕಿ ಚರಂಡಿಗೆ ಬಿತ್ತು. ಉಳಿದವು ಬೂದಿಯಾದವು. ಮರುದಿನ ಪಾದ್ರಿಗಳ ಹಣೆಯ ಮೇಲೂ ಆ ಬೂದಿಯ ಶಿಲುಬೆ ಮೂಡಿತು. ಪೂಜೆ ಮುಗಿಸಿ ಹೊರಬಂದ ಜನರನ್ನು ಕಂಡು ಚರಂಡಿಯ ಗರಿ ಕಿರುಚಿತು:

"ಥೂ! ಒಬ್ಬರಾದರೂ ಮುಖ ತೊಳೆದು ಬರಬಾರದೇ?"