ಕಳಚಿ ಬೀಳುವ ರೆಕ್ಕೆ

"ಗುರುಗಳೇ, ಮನಸ್ಸನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

"ಈಗ ಎಷ್ಟು ಗಟ್ಟಿಯಾಗಿದೆ?" ಎಂದರು ಗುರುಗಳು.

"ತಾಯಿ ತೀರಿಕೊಂಡಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಣ್ಣು ಕೊಟ್ಟು ಬಂದು ಮರುದಿನವೇ ಮಠದ ಕೆಲಸಕ್ಕೆ ನಿಂತೆ. ವೈರಾಗ್ಯ ಅಂದರೆ ಇದು ಎಂದು ಊರವರು ಹೊಗಳಿದರು. ಆದರೆ ಈಚೆಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತರೆ ಕೈ ನಡುಗುತ್ತದೆ. ಎಲ್ಲಿ ಜಾರಿ ಬೀಳುವುದೋ ಎಂದು ಜೀವ ಹಿಡಿಯಷ್ಟಾಗುತ್ತದೆ. ಈ ನಡುಕವೊಂದು ನಿಂತರೆ ಸಾಕು."

ಗುರುಗಳು ಅವನ ಕೈಯ ಕಡೆ ನೋಡಿದರು. ಅವನು ಅದನ್ನು ಶಾಲಿನೊಳಗೆ ಎಳೆದುಕೊಂಡ. ಅವರು ಕತೆ ಹೇಳತೊಡಗಿದರು.

ಒಬ್ಬ ಕಸುಬುದಾರನಿದ್ದ. ಆಟದ ಕಾರುಗಳಿಗೆ ರೆಕ್ಕೆ ಮಾಡುವುದು ಅವನ ಕಸುಬು. ನಗಬೇಡ, ಅಂಥದ್ದೂ ಒಂದು ಕಸುಬು ಇದೆ. ಆಟದ ಕಾರೆಂದರೆ ಮಕ್ಕಳು ದಾರ ಕಟ್ಟಿ ಎಳೆಯುವುದಲ್ಲ. ನಿಜವಾದ ಕಾರನ್ನೇ ಅಳತೆ ಇಳಿಸಿ ಮೊಳದುದ್ದಕ್ಕೆ ಮಾಡಿ, ಕೈಯಲ್ಲಿ ರಿಮೋಟ್ ಹಿಡಿದು ಪಂದ್ಯಕ್ಕೆ ಓಡಿಸುವಂಥದ್ದು. ಓಡಿಸುವವರಲ್ಲಿ ಮೀಸೆ ನೆರೆತವರೂ ಇರುತ್ತಾರೆ, ಸೋತರೆ ಮುಖ ಊದಿಸಿಕೊಂಡು ಕೂರುತ್ತಾರೆ. ಈ ಕಾರುಗಳು ಹಗುರ, ವೇಗವೋ ಬಹಳ. ತಿರುವಿನಲ್ಲಿ ಹಿಂಭಾಗ ನೆಲ ಬಿಟ್ಟಿತೆಂದರೆ ಮಗುಚಿಕೊಂಡಂತೆಯೇ. ಹಾಗಾಗದಿರಲಿ ಎಂದು ಹಿಂದುಗಡೆ ಅಂಗೈಯಗಲದ ಒಂದು ರೆಕ್ಕೆ ಕೂರಿಸುತ್ತಾರೆ. ಹಕ್ಕಿಯ ರೆಕ್ಕೆ ಮೇಲಕ್ಕೆತ್ತಿದರೆ, ಈ ರೆಕ್ಕೆ ಗಾಳಿಯನ್ನು ಹಿಡಿದು ಕಾರನ್ನು ನೆಲಕ್ಕೆ ಒತ್ತುತ್ತದೆ. ಒಂದೊಂದು ಕಾರಿಗೆ ಒಂದೊಂದು ಓರೆ, ಒಂದೊಂದು ಬಾಗು. ಉಜ್ಜಿ ಉಜ್ಜಿ ಅದನ್ನು ಹದಕ್ಕೆ ತರುವುದರಲ್ಲಿ ಅವನದು ಎತ್ತಿದ ಕೈ.

ಅವನಿಗೆ ಕೆಲಸ ಕಲಿಸಿದ ಹಿರಿಯನೊಬ್ಬ ಹೇಳಿದ್ದ, ರೆಕ್ಕೆ ಬಿಗಿಯುವುದಕ್ಕೆ ಪ್ಲಾಸ್ಟಿಕ್ ಸ್ಕ್ರೂಗಳನ್ನೇ ಹಾಕು ಎಂದು. ಏಕೆಂದು ಇವನು ಕೇಳಲಿಲ್ಲ, ಆತನೂ ಹೇಳಲಿಲ್ಲ. ಭಾರ ಕಡಿಮೆಯಾಗಲಿ ಎಂದಿರಬೇಕು ಅಂದುಕೊಂಡು ಹಾಗೆಯೇ ಮಾಡಿಕೊಂಡು ಬಂದ.

ಕೈ ಚೆನ್ನಾಗಿತ್ತು, ಎದೆ ಮಾತ್ರ ಪುಕ್ಕಲು. ಕೆಲಸ ಮುಗಿದು ಗಿರಾಕಿಯ ಕೈಸೇರಿದ ಮೇಲೂ ಅವನ ಮನಸ್ಸು ಆ ರೆಕ್ಕೆಯ ಹಿಂದೆಯೇ ಹೋಗುತ್ತಿತ್ತು. ನಿಂತಿತೋ, ಕಿತ್ತು ಬಂತೋ, ಯಾರು ಏನೆಂದರೋ. ಪಂದ್ಯ ನೋಡಲು ಒಮ್ಮೆಯೂ ಹೋದವನಲ್ಲ. ನೋಡುವ ಧೈರ್ಯವಿರಲಿಲ್ಲ.

ಹೀಗಿರುವಾಗ ಒಬ್ಬ ಯುವಕ ನೀಲಿ ಕಾರೊಂದನ್ನು ಎದೆಗವಚಿಕೊಂಡು ಬಂದ. ಅದರ ಮೇಲಿನ ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನ ತಂದೆ ಸ್ವಂತ ಕೈಯಿಂದ ಅಚ್ಚು ಹೊಯ್ದು ತೆಗೆದಿದ್ದ. ತಂದೆ ಈಗ ಇರಲಿಲ್ಲ. ಅಚ್ಚೂ ಉಳಿದಿರಲಿಲ್ಲ.

"ಅಣ್ಣಾ, ಕಾರು ಗೋಡೆಗೆ ತಾಗಿದರೆ ಸಾಕು, ನಿಮ್ಮ ರೆಕ್ಕೆ ಕಿತ್ತುಕೊಂಡು ಎಲ್ಲೋ ಹೋಗಿ ಬೀಳುತ್ತದೆ. ನಾನು ಹೆಕ್ಕಲು ಹೋದರೆ ಎಲ್ಲರೂ ನಗುತ್ತಾರೆ. ನನ್ನನ್ನು ನೋಡಿ ನಗಲಿ, ಅಪ್ಪನ ಕಾರು ನೋಡಿ ನಗಬಾರದು."

ಕಸುಬುದಾರ ಕಾರನ್ನು ಅತ್ತಿತ್ತ ತಿರುಗಿಸಿ ನೋಡಿದ. ಸ್ಕ್ರೂಗಳು ಮುರಿದಿದ್ದವು. ಹೊದಿಕೆಯ ಮೇಲೆ ಒಂದು ಬಿರುಕೂ ಇರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಇದ್ದದ್ದು ಕಾಣದ ಜನರ ನಗು.

"ಇನ್ನು ಕಿತ್ತು ಬಂದರೆ ಕೇಳು," ಎಂದ.

ಪ್ಲಾಸ್ಟಿಕ್ ಸ್ಕ್ರೂ ತೆಗೆದು ಉಕ್ಕಿನದು ಹಾಕಿದ. ಸಾಲದೆಂದು ಹೊದಿಕೆಯ ಒಳಗಿನಿಂದ ಒಂದು ತಗಡಿನ ಪಟ್ಟಿ ಕೊಟ್ಟ. ಅದೂ ಸಾಲದೆಂದು ಸುತ್ತ ಅಂಟು ಸುರಿದ. ರೆಕ್ಕೆ ಹಿಡಿದೆತ್ತಿದರೆ ಇಡೀ ಕಾರೇ ಮೇಲೆ ಬಂತು. ಯುವಕ ಕೈಮುಗಿದು ಹೋದ. ಕಸುಬುದಾರನಿಗೆ ಅಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏನನ್ನೋ ಮರೆತೆನೆಂಬ ಕಳವಳ. ಏನೆಂದು ಮಾತ್ರ ತಿಳಿಯದು. ತಡೆಯಲಾರದೆ ಪಂದ್ಯದ ದಿನ ತಾನೂ ಹೋಗಿ ಜನರ ಹಿಂದೆ ನಿಂತ.

ನೀಲಿ ಕಾರು ಚೆನ್ನಾಗಿಯೇ ಓಡಿತು. ಅದು ತಿರುವಿಗೆ ಬಂದಾಗಲೆಲ್ಲ ಅವನು ಉಸಿರು ಬಿಗಿಹಿಡಿದ. ಕೊನೆಗೊಂದು ತಿರುವಿನಲ್ಲಿ ಇನ್ನೊಂದು ಕಾರು ಬಂದು ಗುದ್ದಿತು. ನೀಲಿ ಕಾರು ಪಲ್ಟಿ ಹೊಡೆದು ಹಿಮ್ಮುಖವಾಗಿ ಗೋಡೆಗೆ ಬಡಿಯಿತು. ರೆಕ್ಕೆ ಅಲುಗಲಿಲ್ಲ. ಅದನ್ನು ಕಚ್ಚಿ ಹಿಡಿದಿದ್ದ ಹೊದಿಕೆ ಹಿಂದಿನಿಂದ ನಡುವಿನವರೆಗೆ ಸೀಳಿಹೋಯಿತು. ಈ ಸಲ ಯಾರೂ ನಗಲಿಲ್ಲ.

ಯುವಕ ಸೀಳಿದ ಹೊದಿಕೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಬೈಯಲಿಲ್ಲ.

"ರೆಕ್ಕೆ ಗಟ್ಟಿಯಾಗಿದೆ ಅಣ್ಣಾ," ಎಂದ.

ಬೈದಿದ್ದರೆ ಕಸುಬುದಾರ ತಡೆದುಕೊಳ್ಳುತ್ತಿದ್ದನೇನೋ. ಹಿರಿಯನ ಮಾತಿನ ಅರ್ಥ ಅವನಿಗೆ ತಿಳಿದದ್ದು ಆಗ. ಆ ಬಡಪಾಯಿ ಸ್ಕ್ರೂ ಇದ್ದದ್ದೇ ಮುರಿಯುವುದಕ್ಕೆ. ಪೆಟ್ಟು ಬಿದ್ದಾಗಲೆಲ್ಲ ಅದು ಮುರಿದು, ರೆಕ್ಕೆ ದೂರ ಹೋಗಿ ಬಿದ್ದು, ನಾಲ್ಕು ಜನ ನಕ್ಕು, ಹೊದಿಕೆ ಮಾತ್ರ ಉಳಿಯುತ್ತಿತ್ತು. ಎಷ್ಟು ರೆಕ್ಕೆಗಳನ್ನು ಬೇಕಾದರೂ ಮಾಡಿಕೊಡಬಲ್ಲವನು ಆ ಹೊದಿಕೆಯ ಮುಂದೆ ಕೈಕಟ್ಟಿ ನಿಂತ.

ಕತೆ ಮುಗಿಯಿತು. ಶಿಷ್ಯ, "ಹೊದಿಕೆಯನ್ನೂ ಉಕ್ಕಿನಲ್ಲೇ ಮಾಡಿದ್ದರೆ ಸೀಳುತ್ತಿರಲಿಲ್ಲ, ಅಲ್ಲವೇ ಗುರುಗಳೇ?" ಎಂದ. ಶಾಲಿನೊಳಗೆ ಅವನ ಕೈ ಮತ್ತೆ ನಡುಗುತ್ತಿತ್ತು.

ಗುರುಗಳು ಶಾಲು ಸರಿಸಿ ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನಿನಗೂ ನಿನ್ನ ತಾಯಿ ಮಾಡಿಕೊಟ್ಟದ್ದು ಈ ಒಡಲೊಂದೇ, ಮಗು, ಸೀಳುವ ಮೊದಲು ಅತ್ತುಬಿಡು."