ಮುಟ್ಟದೆ ಬಿಟ್ಟ ಕುರಿ

“ಗುರುಗಳೇ, ಲೋಜ್ಬಾನ್ ಎಂಬ ಭಾಷೆಯೊಂದನ್ನು ಕೆಲವು ವಿದ್ವಾಂಸರು ತರ್ಕದ ತಳಹದಿಯ ಮೇಲೆ ಹೊಸದಾಗಿ ಕಟ್ಟಿದ್ದಾರೆ. ಅದರಲ್ಲಿ ಮರ ಎನ್ನುವ ಮೊದಲು ಪುಟ್ಟದೊಂದು ಪದವನ್ನು ಇಡಬೇಕು. ಮನಸ್ಸಿನಲ್ಲಿರುವ ಇಂಥದೇ ಮರವೋ, ಮರವೆನಿಸಿದ ಯಾವುದಾದರೂ ಒಂದೋ, ಇರುವ ಮರಗಳೆಲ್ಲವೋ ಎಂಬುದನ್ನು ಆ ಪದವೇ ಹೇಳುತ್ತದೆ. ಮಾತಾಡುವವನಿಗೆ ಇಷ್ಟೊಂದು ಕಟ್ಟುಪಾಡು ಏತಕ್ಕೆ?”

ಕೇಳಿದವನು ಅಡವಯ್ಯ. ಅಣ್ಣನೊಡನೆ ಮಾತು ಮುರಿದುಕೊಂಡು ಮಠಕ್ಕೆ ಬಂದವನು. ಒಂದು ದಿನ ಹೋಗಿ ಅಣ್ಣನ ಕ್ಷಮೆ ಕೇಳುತ್ತೇನೆಂದು ಗುರುಗಳಿಗೆ ಮಾತು ಕೊಟ್ಟಿದ್ದ. ಆಗ ಕಪ್ಪಾಗಿದ್ದ ಅವನ ಗಡ್ಡದಲ್ಲಿ ಈಗ ನರೆ ಮೂಡಿತ್ತು.

ಗುರುಗಳು ಕಣ್ಣನ್ನು ಅರೆಮುಚ್ಚಿ ಹೇಳತೊಡಗಿದರು.

ಒಬ್ಬ ಕುರಿಗಾಹಿಯಿದ್ದ. ಅವನ ಮಗಳು ಜ್ವರದಿಂದ ಮಲಗಿದಳು. ಮೈ ಕೆಂಡವಾಯಿತು, ಕರೆದರೂ ಕಣ್ಣು ತೆರೆಯಲಿಲ್ಲ. ಅವನು ಬೆಟ್ಟದ ಮೇಲಿನ ದೇವಿಯ ಕಲ್ಲಿನ ಬಳಿಗೆ ಓಡಿ, ಮಗಳು ಉಳಿದರೆ ಒಂದು ಕುರಿಯನ್ನು ಬಿಡುತ್ತೇನೆಂದು ಹರಕೆ ಹೊತ್ತ. ಆ ಹಟ್ಟಿಯಲ್ಲಿ ಹೀಗೆ ಬಿಟ್ಟ ಕುರಿಯನ್ನು ಯಾರೂ ಕೊಲ್ಲುವುದಿಲ್ಲ, ಮಾರುವುದಿಲ್ಲ, ಅದರ ಉಣ್ಣೆಗೆ ಕತ್ತರಿ ತಾಗಿಸುವುದಿಲ್ಲ. ಅದು ದೇವಿಯದಾಗಿ ಬೆಟ್ಟದಲ್ಲಿ ಮೇದುಕೊಂಡಿರುತ್ತದೆ. ಆದರೆ ಹರಕೆ ಹೊರುವವನು ಕುರಿಯ ಬೆನ್ನ ಮೇಲೆ ಕೈಯಿಟ್ಟೇ ಮಾತು ಕೊಡಬೇಕು. ಅವಸರದಲ್ಲಿ ಅವನು ಒಬ್ಬನೇ ಹೋಗಿದ್ದ.

ಮಗಳು ಎದ್ದು ಕುಳಿತಳು. ಕುರಿಗಾಹಿ ಅರಿಸಿನದ ದಾರ ಹಿಡಿದು ಹಿಂಡಿನೊಳಗೆ ಹೋದ. ಒಂದು ಕುರಿ ಗಬ್ಬವಾಗಿತ್ತು. ಇನ್ನೊಂದು ಹಿಂಡಿಗೆಲ್ಲ ದಾರಿ ತೋರುವಂಥದು. ಮತ್ತೊಂದನ್ನು, ಅದರ ತಾಯಿ ಸತ್ತಾಗ, ಅವನೇ ಹೆಗಲ ಮೇಲೆ ಹೊತ್ತು ಸಾಕಿದ್ದ. ಯಾವುದರ ಮುಂದೆ ನಿಂತರೂ, ಇದಲ್ಲ, ಬೇರೊಂದು ಎನಿಸಿತು. ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳಿದ.

“ದೇವಿಗೆ ಕೊಡುವ ಕುರಿ ಇನ್ನೂ ಹುಟ್ಟಿಲ್ಲವೇನೋ” ಎಂದು ಹೆಂಡತಿ ಮೂದಲಿಸಿದಳು.

ಉಣ್ಣೆ ಕತ್ತರಿಸುವ ಕಾಲ ಬಂತು. ಹಟ್ಟಿಯವರೆಲ್ಲ ಕೂಡಿ ಒಬ್ಬೊಬ್ಬರ ಹಿಂಡನ್ನು ಮುಗಿಸಿಕೊಡುವುದು ಅಲ್ಲಿನ ರೂಢಿ. ಅವನ ಸರದಿ ಬಂದಾಗ ಹಟ್ಟಿಯ ಹಿರಿಯನು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟ.

“ನಾನು ಹರಸಿಕೊಂಡದ್ದು ಒಂದನ್ನು, ಮಾವ. ಉಳಿದವಕ್ಕೆ ಕತ್ತರಿ ಹಾಕು” ಎಂದ ಕುರಿಗಾಹಿ.

“ಉಳಿದವು ಯಾವುವಪ್ಪಾ? ಆ ಒಂದನ್ನು ತೋರಿಸು, ಉಳಿದವನ್ನು ನಾನೇ ಕಂಡುಕೊಳ್ಳುತ್ತೇನೆ. ತೋರಿಸದಿದ್ದರೆ, ನನ್ನ ಕೈಗೆ ಸಿಕ್ಕಿದ್ದೇ ದೇವಿಯದಿರಬಹುದು.”

ಜನ ನಕ್ಕರು. ಆದರೆ ಒಬ್ಬರೂ ಕತ್ತರಿ ಎತ್ತಲಿಲ್ಲ.

ಉಣ್ಣೆಯಿಲ್ಲದೆ ಕಂಬಳಿಯಿಲ್ಲ. ಚಳಿ ಬಂತು. ಜ್ವರದಿಂದ ಎದ್ದ ಮಗಳು ಹರಕು ಕಂಬಳಿಯೊಳಗೆ ಮುದುಡಿಕೊಂಡು ಮತ್ತೆ ಕೆಮ್ಮತೊಡಗಿದಳು. ಇತ್ತ ಕುರಿಗಳ ಉಣ್ಣೆ ಬೆಳೆಯುತ್ತಲೇ ಹೋಯಿತು. ಕಣ್ಣು ಮುಚ್ಚಿತು, ಕಾಲು ಮುಚ್ಚಿತು. ಒಂದು ಕುರಿಗೂ ಇನ್ನೊಂದಕ್ಕೂ ನಡುವಿನ ಗೆರೆ ಅಳಿಸಿತು. ದೂರದಿಂದ ನೋಡಿದವರಿಗೆ ತಪ್ಪಲಿನಲ್ಲಿ ಮಂಜು ಮೇಯುತ್ತಿರುವಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆ ಮಂಜನ್ನು ಕಾಯುತ್ತ ಕುಳಿತಿದ್ದ ಕುರಿಗಾಹಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹಿಂಡು ಸದ್ದಿಲ್ಲದೆ ಬೆಟ್ಟವನ್ನು ಏರುತ್ತಿತ್ತು. ಎಲ್ಲ ಕೊರಳುಗಳಲ್ಲೂ ಅರಿಸಿನದ ದಾರ. ಕಲ್ಲಿನ ಬಳಿ ಒಬ್ಬ ಮುದುಕಿ ಕುಳಿತಿದ್ದಳು. ಕುರಿಗಳು ಅವಳನ್ನು ಹಾದು ಆಕಾಶದೊಳಕ್ಕೆ ನಡೆದುಹೋಗುತ್ತಿದ್ದವು.

“ಇವುಗಳಲ್ಲಿ ನನ್ನದು ಯಾವುದು?” ಎಂದಳು ಮುದುಕಿ.

“ಒಂದು, ತಾಯೀ.”

“ಕೆಂದು ಬಣ್ಣದ್ದಿದೆ, ಕುಂಟುವುದಿದೆ, ಕಿವಿ ಹರಿದದ್ದಿದೆ. ಒಂದು ಎಂಬುದು ಎಲ್ಲಿ ಮೇಯುತ್ತಿದೆ ಮಗನೇ? ಅದು ಸಿಗುವವರೆಗೆ ಎಲ್ಲವನ್ನೂ ನಾನೇ ಇಟ್ಟುಕೊಂಡಿರುತ್ತೇನೆ.”

ಅವನಿಗೆ ಎಚ್ಚರವಾಯಿತು. ಹಿಂಡಿನೊಳಕ್ಕೆ ನಡೆದ. ಕಣ್ಣು ಮುಚ್ಚಿಕೊಂಡು ಕೈಗೆ ತಾಗಿದ್ದನ್ನು ಹಿಡಿಯೋಣವೆಂದುಕೊಂಡ, ಮುಚ್ಚಲಿಲ್ಲ. ಎದುರಿಗೆ ಬಂದ ಕುರಿಯ ಮುಖದ ಮೇಲಿನ ಉಣ್ಣೆಯನ್ನು ಸರಿಸಿದ. ಅವನು ಹೆಗಲ ಮೇಲೆ ಹೊತ್ತು ಸಾಕಿದ ಕುರಿ. ಅದು ಅವನ ಅಂಗೈಯನ್ನು ಮೂಸಿತು. ಎದೆ ಕಲಕಿತು. ಬೇರೆ ಯಾವುದರ ಮುಖದ ಉಣ್ಣೆ ಸರಿಸಿದ್ದರೂ ಹೀಗೆಯೇ ಕಲಕುತ್ತಿತ್ತೆಂದು ಆಗ ಅವನಿಗೆ ತಿಳಿಯಿತು. ಬೆನ್ನ ಮೇಲೆ ಕೈಯಿಟ್ಟ. ದಾರ ಕಟ್ಟಿದ. ಬೆಟ್ಟದವರೆಗೂ ಅದರ ಜೊತೆಯಲ್ಲಿ ನಡೆದು, ಒಬ್ಬನೇ ಇಳಿದು ಬಂದ.

ಅಂದು ಸಂಜೆ ಉಳಿದ ಕುರಿಗಳೆಲ್ಲ ಮತ್ತೆ ಅವನವಾದವು. ಹಟ್ಟಿಯ ಕತ್ತರಿಗಳು ಆಡಿದವು. ಹೊಸ ಕಂಬಳಿ ನೇಯ್ದು ಮುಗಿದ ರಾತ್ರಿ ಮಗಳು ಅದನ್ನು ಹೊದ್ದು, ಕೆಮ್ಮದೆ ಮಲಗಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಅಂದರೆ ಗುರುಗಳೇ, ಆ ಪುಟ್ಟ ಪದವು…” ಎಂದು ಅಡವಯ್ಯ ಬಾಯಿ ತೆರೆದ.

“ಅಣ್ಣನ ಬಳಿಗೆ ಒಂದು ದಿನ ಹೋಗುತ್ತೇನೆ ಎಂದಿದ್ದೆಯಲ್ಲ ಅಡವಯ್ಯ, ಅದು ಯಾವ ದಿನ?”